ನಲವತ್ತರ ಕಟ್ಟು, ಅರವತ್ತೆರಡರ ಕಟ್ಟು

ನಲವತ್ತು.

ನಂಬಿಕೆಯಾಗದೆ ಮತ್ತೆ ಎಣಿಸಿದೆ. ಒಂದೊಂದೇ ಹಾಳೆಯ ಮೂಲೆ ಎತ್ತಿ, ಬಾಯಿಬಿಟ್ಟು, ಒಂದನೇ ತರಗತಿಯ ಮಗುವಿನಂತೆ ಎಣಿಸಿದೆ. ನಲವತ್ತೇ.

ಪಕ್ಕದ ಕಟ್ಟಿನ ದಾರ ಬಿಚ್ಚಿದೆ. ಅದೇ ಹದಿನಾಲ್ಕನೇ ಕೊಠಡಿ, ಅದೇ ಲೆಕ್ಕದ ಮೇಡಂ, ಎರಡನೇ ಕಿರುಪರೀಕ್ಷೆ. ಅದರಲ್ಲಿ ಅರವತ್ತೆರಡು ಉತ್ತರಪತ್ರಿಕೆಗಳಿದ್ದವು.

ಮೊದಲ ಕಿರುಪರೀಕ್ಷೆ ನಡೆದ ನಾಲ್ಕನೇ ವಾರ ನಲವತ್ತು ಮಂದಿ ಇದ್ದ ತರಗತಿ ಎರಡನೆಯದು ನಡೆದ ಎಂಟನೇ ವಾರಕ್ಕೆ ಅರವತ್ತೆರಡಾಗಿತ್ತು. ಬೆಂಚಿನ ಮೇಲೆ ವಿದ್ಯಾರ್ಥಿಗಳು ತಾವಾಗಿ ಮೊಳೆಯುವುದನ್ನು ನಾನಂತೂ ಕಂಡಿಲ್ಲ.

ರೆಕಾರ್ಡ್ ರೂಮಿನ ಗುಮಾಸ್ತ ಏಣಿಯ ಮೇಲಿಂದ ಇಳಿದು ಬಂದು ಸಿಕ್ಕಿತಾ ಅಕ್ಕಾ ಎಂದು ಕೇಳಿದ. ಧೂಳಿಗೆ ಅವನ ಹುಬ್ಬು ಬೆಳ್ಳಗಾಗಿತ್ತು. ಸಿಕ್ಕಿತು ಎಂದೆ. ಗಡಿಯಾರದಲ್ಲಿ ಹನ್ನೆರಡೂವರೆ. ಮೂರಕ್ಕೆ ವಿಚಾರಣಾ ಸಮಿತಿ ಕೂರುವುದಿತ್ತು. ಕೂತ ಅರ್ಧ ಗಂಟೆಯಲ್ಲಿ ಮೇಡಂ ಅವರನ್ನು ಕಳ್ಳಿ ಎಂದು ಬರೆದು ಮನೆಗೆ ಕಳಿಸುವುದು ಹೆಚ್ಚುಕಡಿಮೆ ತೀರ್ಮಾನವಾಗಿಯೇ ಇತ್ತು.

ಅವರ ಮೇಲಿನ ಆರೋಪ ನೆನೆದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಈ ವರ್ಷ ಕಾಲೇಜು ಒಂದೇ ಗಣಿತದ ಕೋರ್ಸನ್ನು ಎರಡು ಬಗೆಯಲ್ಲಿ ನಡೆಸಿತು. ಒಂದು ಆನ್‌ಲೈನ್, ಇನ್ನೊಂದು ಮೇಡಂ ಅವರ ಕೊಠಡಿಯಲ್ಲಿ. ಕೊನೆಯ ಪರೀಕ್ಷೆ ಎಲ್ಲರಿಗೂ ಒಂದೇ. ಆಮೇಲೆ ಆನ್‌ಲೈನ್ ಸಂಯೋಜಕರು ಬರೆದ ಹೋಲಿಕೆಯ ವರದಿ ಬಂತು: ಆನ್‌ಲೈನಿನಲ್ಲಿ ನೂರಕ್ಕೆ ಎಂಬತ್ತೇಳು ಪಾಸು, ಕೊಠಡಿಯಲ್ಲಿ ಅರವತ್ತೊಂಬತ್ತು. ಆದ್ದರಿಂದ ಮುಂದಿನ ವರ್ಷ ಕೊಠಡಿ ಮುಚ್ಚಬೇಕು.

ಅಷ್ಟಕ್ಕೇ ಬಿಟ್ಟಿದ್ದರೆ ನನಗೆ ಇಲ್ಲಿ ಕೆಲಸವಿರಲಿಲ್ಲ. ವರದಿಯ ಕೊನೆಯ ಪುಟದಲ್ಲಿ ಇನ್ನೊಂದು ಮಾತಿತ್ತು. ಕೊಠಡಿಯ ಒಂಬತ್ತು ವಿದ್ಯಾರ್ಥಿಗಳು ಮೊದಲ ಕಿರುಪರೀಕ್ಷೆಯಲ್ಲಿ ಐವತ್ತಕ್ಕೆ ಹತ್ತೋ ಹನ್ನೆರಡೋ ತೆಗೆದವರು ಕೊನೆಗೆ ಪಾಸಾಗಿದ್ದಾರೆ, ಇಷ್ಟು ಏರಿಕೆ ಸಹಜವಲ್ಲ, ಮೌಲ್ಯಮಾಪನ ಮಾಡಿದ ಮೇಡಂ ಅವರೇ ಅಂಕ ತುಂಬಿದ್ದಾರೆ. ಕೊನೆಯ ಪರೀಕ್ಷೆಯ ಪತ್ರಿಕೆಗಳನ್ನು ತೆಗೆದು ನೋಡೋಣ ಎಂದರೆ, ಮೂವತ್ತು ದಿನವಾದ ಮೇಲೆ ಅವನ್ನು ಕತ್ತರಿಸುವ ಯಂತ್ರಕ್ಕೆ ಹಾಕುವುದು ಕಾಲೇಜಿನ ನಿಯಮ. ದೂರು ಬಂದದ್ದು ಮೂವತ್ತೊಂದನೇ ದಿನ.

ಇಪ್ಪತ್ತು ವರ್ಷ ವಿಮೆ ಕಂಪನಿಗೆ ಸುಳ್ಳು ಕ್ಲೇಮು ಹಿಡಿದುಕೊಟ್ಟು, ಈಗ ಸ್ವಂತ ಬೋರ್ಡು ಹಾಕಿಕೊಂಡು ಪತ್ತೇದಾರಿ ಮಾಡುತ್ತಿರುವವಳು ನಾನು. ಮೂವತ್ತೊಂದನೇ ದಿನ ಎಂದು ಕೇಳಿದಾಗಲೇ ನನ್ನ ಮೂಗು ಚುರುಕಾಯಿತು. ನನ್ನನ್ನು ಕರೆಸಿದ್ದು ಮೇಡಂ ಅಲ್ಲ, ಅವರ ತಂಗಿ. ಮೇಡಂ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದರು, ಅದೂ ಅರ್ಧ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಇದೇ ಕಾಲೇಜಿನಲ್ಲಿ ಇದೇ ಮೇಡಂ ನನ್ನನ್ನು ಎರಡು ಸಲ ಫೇಲು ಮಾಡಿದ್ದಾರೆ. ಎರಡನೇ ಸಲ ಎರಡೇ ಅಂಕಕ್ಕೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಸುಳ್ಳು ಅಂಕ ಹಾಕುವ ಕೈ ಅವರದಾಗಿದ್ದರೆ ಅಂದೇ ನನಗೆ ಹಾಕುತ್ತಿತ್ತು.

ವರದಿಯಲ್ಲಿ ಹೆಸರಿಸಿದ್ದ ಒಂಬತ್ತು ಮಂದಿಯ ಹೆಸರನ್ನು ನಲವತ್ತರ ಕಟ್ಟಿನಲ್ಲಿ ಹುಡುಕಿದೆ. ಒಂದೂ ಇರಲಿಲ್ಲ. ಅರವತ್ತೆರಡರ ಕಟ್ಟಿನಲ್ಲಿ ಒಂಬತ್ತೂ ಇದ್ದವು. ಹಾಗಾದರೆ ಅವರ ಮೊದಲ ಪರೀಕ್ಷೆಯ ಅಂಕ ವರದಿಗೆ ಬಂದದ್ದು ಎಲ್ಲಿಂದ?

ಗುಮಾಸ್ತ ಗೋಡೆಯತ್ತ ಗದ್ದ ಎತ್ತಿ ತೋರಿಸಿದ. ಕಾಲೇಜಿನ ಹಳೆಯ ಪ್ರಕಟಣೆ ಅಂಟಿಕೊಂಡಿತ್ತು. ಆನ್‌ಲೈನ್ ವಿಭಾಗದ ಅರವತ್ತು ಸೀಟುಗಳೂ ಒಂದೇ ದಿನದಲ್ಲಿ ಭರ್ತಿ ಎಂದು ದಪ್ಪ ಅಕ್ಷರ. ವರದಿಯಲ್ಲಿ ಆನ್‌ಲೈನ್ ವಿದ್ಯಾರ್ಥಿಗಳು ಮೂವತ್ತೆಂಟು.

ಅರವತ್ತರಲ್ಲಿ ಮೂವತ್ತೆಂಟು ಕಳೆದರೆ ಇಪ್ಪತ್ತೆರಡು. ಅರವತ್ತೆರಡರಲ್ಲಿ ನಲವತ್ತು ಕಳೆದರೂ ಇಪ್ಪತ್ತೆರಡು. ಎರಡು ಸಲ ಫೇಲಾದವಳಿಗೂ ಈ ಲೆಕ್ಕ ಬರುತ್ತದೆ.

ಗುಮಾಸ್ತನ ಕ್ಯಾಲ್ಕುಲೇಟರ್ ಎಳೆದುಕೊಂಡು ಫಲಿತಾಂಶದ ಪಟ್ಟಿಯ ಮೇಲೆ ಗೀಟು ಎಳೆದೆ. ಮೊದಲಿಂದ ಮೇಡಂ ಹತ್ತಿರವೇ ಕಲಿತ ನಲವತ್ತರಲ್ಲಿ ಮೂವತ್ತನಾಲ್ಕು ಪಾಸು, ಎಂದರೆ ನೂರಕ್ಕೆ ಎಂಬತ್ತೈದು. ನಡುವೆ ಬಂದ ಇಪ್ಪತ್ತೆರಡರಲ್ಲಿ ಒಂಬತ್ತು ಪಾಸು, ಹದಿಮೂರು ಫೇಲು. ಆನ್‌ಲೈನಿಗೆ ಸೇರಿದ್ದ ಅರವತ್ತರಲ್ಲಿ ಅಲ್ಲೇ ಉಳಿದು ಪಾಸಾದವರು ಮೂವತ್ತಮೂರು. ನೂರಕ್ಕೆ ಐವತ್ತೈದು.

ಸೋಲುವ ಕುದುರೆಗಳನ್ನು ಓಟದ ನಡುವೆ ಪಕ್ಕದವರ ಲಾಯಕ್ಕೆ ಕಟ್ಟಿ ಬಂದಿದ್ದರು. ಆ ಇಪ್ಪತ್ತೆರಡರಲ್ಲಿ ಫೇಲಾದ ಹದಿಮೂರು ಮಂದಿ ಮೇಡಂ ಅವರ ಅಸಾಮರ್ಥ್ಯ. ಪಾಸಾದ ಒಂಬತ್ತು ಮಂದಿ ಮೇಡಂ ಅವರ ಕಳ್ಳತನ.

ಯಾರು ಯಾವ ವಿಭಾಗ ಎಂಬ ದಾಖಲೆ ಬೇರೆಲ್ಲಾದರೂ ಇದೆಯೇ ಎಂದು ಗುಮಾಸ್ತನನ್ನು ಕೇಳಿದೆ. ಅರ್ಜಿಯಲ್ಲಿ ಕೋರ್ಸಿನ ಹೆಸರಷ್ಟೇ ಇರುತ್ತದೆ, ವಿಭಾಗ ಇರುವುದು ಕಂಪ್ಯೂಟರಿನಲ್ಲಿ, ಅದಕ್ಕೆ ಕೈ ಹಾಕುವವರು ಆನ್‌ಲೈನ್ ಸಂಯೋಜಕರು ಒಬ್ಬರೇ ಎಂದ. ಈ ಕಾಗದದ ಕಟ್ಟುಗಳು ಉಳಿದದ್ದೂ ಮೇಡಂ ಅಭ್ಯಾಸದಿಂದ. ಕಿರುಪರೀಕ್ಷೆಯ ಪತ್ರಿಕೆಗಳನ್ನು ಅವರು ದಾರ ಕಟ್ಟಿ ವರ್ಷಪೂರ್ತಿ ಇಡಿಸುತ್ತಿದ್ದರು, ವಿದ್ಯಾರ್ಥಿ ಯಾವಾಗ ಬಂದು ತಪ್ಪು ಎಲ್ಲಿ ಎಂದು ಕೇಳಿದರೂ ತೋರಿಸಲಿಕ್ಕೆ.

ಒಂಬತ್ತು ಮಂದಿಯಲ್ಲಿ ಒಬ್ಬಳು ಆಸ್ಪತ್ರೆಯ ನರ್ಸ್. ಅವಳಿಗೆ ಫೋನು ಮಾಡಿದೆ. ಡ್ಯೂಟಿಯ ನಡುವೆ ಓದಲು ಅನುಕೂಲವೆಂದು ಆನ್‌ಲೈನಿಗೆ ಸೇರಿದ್ದಳಂತೆ. ಮೂರನೇ ವಾರಕ್ಕೇ ಕೈಕಾಲು ಬಿಟ್ಟಿದ್ದಳು. ಪರದೆಯಲ್ಲಿ ಪ್ರಶ್ನೆ ಹಾಕಿದರೆ ಉತ್ತರ ಬರಲು ನಾಲ್ಕು ದಿನ. ಆರನೇ ವಾರದ ಕೊನೆಗೆ ಸಂಯೋಜಕರಿಂದ ಒಂದು ಸಾಲಿನ ಸಂದೇಶ ಬಂತು: ಸೋಮವಾರದಿಂದ ಹದಿನಾಲ್ಕನೇ ಕೊಠಡಿಗೆ ಹೋಗಿ. ಕೋರ್ಸು ಮುಗಿದ ದಿನವೇ ಆ ಸಂದೇಶಗಳೆಲ್ಲ ಅಳಿಸಿಹೋಗಿದ್ದವು.

ಆಮೇಲೆ ಹತ್ತು ವಾರ ಅವಳು ಡ್ಯೂಟಿ ಬದಲಿಸಿಕೊಂಡು, ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದಳು. ತರಗತಿ ಮುಗಿದ ಮೇಲೆ ಮೇಡಂ ದಿನಾ ಒಂದು ಗಂಟೆ ಹೆಚ್ಚು ನಿಲ್ಲುತ್ತಿದ್ದರು. ಕೊನೆಯ ಪರೀಕ್ಷೆಯಲ್ಲಿ ನೂರಕ್ಕೆ ನಲವತ್ತೊಂದು ಅಂಕ ಬಂತು. ಆ ಪಾಸಿನ ಮೇಲೆ ಲ್ಯಾಬ್ ತಂತ್ರಜ್ಞೆಯ ತರಬೇತಿಗೆ ಸೀಟು ಸಿಕ್ಕಿತ್ತು, ಸೋಮವಾರ ಸೇರಬೇಕು. ಸಮಿತಿಯ ಮುಂದೆ ಇದನ್ನು ಹೇಳುತ್ತೀಯಾ ಎಂದೆ. ಅವಳು ಯೋಚಿಸಲೂ ಇಲ್ಲ.

"ಬರ್ತೀನಿ ಅಕ್ಕ. ಮೇಡಂಗೋಸ್ಕರ ಬರದೆ ಇರ್ತೀನಾ?"

ಕಟ್ಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮೂರನೇ ಮಹಡಿ ಹತ್ತಿದೆ. ಗೆದ್ದೆ ಎಂಬ ಸೊಕ್ಕು ನನ್ನ ಮೊಣಕಾಲಿಗೂ ಏರಿತ್ತು.

ಆನ್‌ಲೈನ್ ಸಂಯೋಜಕ ನನ್ನ ಸಹಪಾಠಿ. ಅಂದಿನಿಂದಲೂ ಅವನ ಹೆಸರು ಪರ್ಸೆಂಟು. ತನ್ನ ಅಂಕ ನೂರಕ್ಕೆ ಎಷ್ಟು ಎಂದು ಹೇಳದೆ ಅವನು ಯಾರಿಗೂ ನಮಸ್ಕಾರ ಹೇಳುತ್ತಿರಲಿಲ್ಲ. ಅವನಿಗೆ ಲೆಕ್ಕ ಕಲಿಸಿದ್ದೂ ಇದೇ ಮೇಡಂ. ಅವನ ಕೋಣೆಯಲ್ಲಿ ಮೂರು ಪರದೆ, ಒಂದು ಹೊಸ ಕುರ್ಚಿ, ಗೋಡೆಯ ಮೇಲೆ ದೊಡ್ಡ ಚಿತ್ರ: ಎತ್ತರದ ನೀಲಿ ಕಂಬ, ಗಿಡ್ಡ ಬೂದು ಕಂಬ. ಕೆಳಗೆ ಎಂಬತ್ತೇಳು, ಅರವತ್ತೊಂಬತ್ತು.

ಕಟ್ಟುಗಳನ್ನು ಅವನ ಮೇಜಿನ ಮೇಲೆ ಕುಕ್ಕಿದೆ.

"ಇಪ್ಪತ್ತೆರಡು ಜನರನ್ನ ಎಲ್ಲಿಂದ ಎಲ್ಲಿಗೆ ಕಳಿಸಿದೆ?"

ಅವನು ಮುಖ ಕೆಡಿಸಿಕೊಳ್ಳಲಿಲ್ಲ. ನೀರು ಕುಡಿಯುತ್ತೀಯಾ ಎಂದ. ಬೇಡ ಎಂದೆ. ಆನ್‌ಲೈನಿನಲ್ಲಿ ಇಪ್ಪತ್ತೆರಡು ಮಂದಿ ನಡುವೆ ಬಿಟ್ಟುಹೋದರು, ಎಲ್ಲ ಕಡೆಯೂ ಬಿಡುತ್ತಾರೆ, ಬಿಟ್ಟವರನ್ನು ಎಣಿಸುವ ಪದ್ಧತಿ ಇಲ್ಲ ಎಂದ. ನಾನು ಕಟ್ಟುಗಳನ್ನು ಬಿಚ್ಚಿ ಒಂಬತ್ತು ಹೆಸರುಗಳನ್ನು ಒಂದೊಂದಾಗಿ ತೋರಿಸಿದೆ. ಮೊದಲ ಕಿರುಪರೀಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯಲು ಎಲ್ಲರಿಗೂ ಅವಕಾಶವಿತ್ತು, ಕೊಠಡಿಯ ಕೆಲವರು ಹಾಗೆ ಬರೆದರು, ಅದಕ್ಕೇ ಕಾಗದವಿಲ್ಲ ಎಂದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಉತ್ತರ ಕೊಡುತ್ತಿದ್ದ.

"ನನ್ನ ಕಿವಿಗೆ ಹೂ ಇಡಬೇಡ. ಅವರು ಆರು ವಾರ ನಿನ್ನ ವಿಭಾಗದಲ್ಲಿದ್ರು. ಕಲಿಸೋಕೆ ಆಗದೆ ಮೇಡಂ ತಲೆಗೆ ಕಟ್ಟಿದೆ. ಅವರು ಕಲಿಸಿ ಪಾಸು ಮಾಡಿದ್ರೆ ಕಳ್ಳಿ ಅಂತೀಯಾ? ನಾಚಿಕೆ ಆಗಲ್ವಾ ನಿನಗೆ?"

ಪರ್ಸೆಂಟು ಡ್ರಾಯರ್ ಎಳೆದ. ಉದ್ದನೆಯ ಹಾಜರಿ ಪುಸ್ತಕದ ಜೆರಾಕ್ಸ್ ತೆಗೆದು ನನ್ನತ್ತ ತಿರುಗಿಸಿಟ್ಟ. ಮೂಲ ಪ್ರತಿಯನ್ನು ಸಮಿತಿ ಮೊದಲ ದಿನವೇ ವಶಕ್ಕೆ ತೆಗೆದುಕೊಂಡಿತ್ತು, ನಾನು ಇದುವರೆಗೆ ಕಣ್ಣಲ್ಲಿ ಕಂಡಿರಲಿಲ್ಲ.

"ಈ ಅಕ್ಷರ ಯಾರದು, ಹೇಳು."

ಹೇಳಬೇಕಿರಲಿಲ್ಲ. ನನ್ನ ಪತ್ರಿಕೆಯ ಮೇಲೆ ಎರಡು ಸಲ ಫೇಲು ಎಂದು ಬರೆದ ಅಕ್ಷರ ಅದು.

ಅಕಾರಾದಿಯಾಗಿ ಅರವತ್ತೆರಡು ಹೆಸರು. ಒಂದೂ ಕೊನೆಯಲ್ಲಿ ಸೇರಿಸಿದ್ದಲ್ಲ. ನರ್ಸಿನ ಹೆಸರು ಹದಿನೇಳನೆಯದು. ಮೊದಲ ವಾರ ಹಾಜರು. ಎರಡನೇ ವಾರ ಹಾಜರು. ಮೂರು, ನಾಲ್ಕು, ಐದು, ಆರು, ಎಲ್ಲದರಲ್ಲೂ ಹಾಜರು. ಒಂಬತ್ತು ಮಂದಿಗೂ ಹಾಗೆಯೇ, ಇಪ್ಪತ್ತೆರಡು ಮಂದಿಗೂ ಹಾಗೆಯೇ.

ಬೇಡ ಎಂದ ನೀರನ್ನು ಈಗ ಕೇಳಲು ಮನಸ್ಸಾಗಲಿಲ್ಲ.

"ಆ ಇಪ್ಪತ್ತೆರಡು ಜನ ಮೊದಲ ದಿನದಿಂದ ತಮ್ಮ ಮುಂದೆ ಕೂತಿದ್ರು ಅಂತ ಮೇಡಂ ಅವರೇ ಬರೆದಿದ್ದಾರೆ" ಎಂದ. "ಅದು ನಿಜ ಆದ್ರೆ ನಾನು ಯಾರನ್ನೂ ಕಳಿಸಿಲ್ಲ. ಸುಳ್ಳು ಆದ್ರೆ ಇಪ್ಪತ್ತೆರಡು ಜನಕ್ಕೂ ಹಾಜರಿ ಸಾಲದು. ಹದಿನಾರು ವಾರದಲ್ಲಿ ಹತ್ತು. ಎಪ್ಪತ್ತೈದು ಪರ್ಸೆಂಟ್ ಇಲ್ಲದವರು ಪರೀಕ್ಷೆಗೆ ಕೂರೋ ಹಾಗೇ ಇಲ್ಲ. ಆ ಒಂಬತ್ತು ಪಾಸು ಸಂಜೆಗೆ ರದ್ದು. ಮೇಡಂ ಸುಮ್ಮನೆ ರಾಜೀನಾಮೆ ಕೊಟ್ರೆ ವಿದ್ಯಾರ್ಥಿಗಳ ಫಲಿತಾಂಶ ಮುಟ್ಟಲ್ಲ ಅಂತ ಸಮಿತಿ ಮಾತು ಕೊಟ್ಟಿದೆ. ಈಗ ನೀನೇ ಲೆಕ್ಕ ಹಾಕು."

ಅವನು ನಗಲಿಲ್ಲ. ನಕ್ಕಿದ್ದರೆ ಒಂದು ಬಾರಿಸಿಬಿಡಬಹುದಿತ್ತು. ಕೆಲಸ ಮುಗಿಸಿದ ಮನುಷ್ಯನಂತೆ ಕನ್ನಡಕ ಒರೆಸಿಕೊಂಡ.

ಕೆಳಗೆ ಇಳಿದಾಗ ಗಂಟೆ ಎರಡೂಕಾಲು. ಹದಿನಾಲ್ಕನೇ ಕೊಠಡಿಯಲ್ಲಿ ಮೇಡಂ ಒಬ್ಬರೇ ಕಪ್ಪುಹಲಗೆ ಒರೆಸುತ್ತಿದ್ದರು. ಐವತ್ತೆಂಟರ ಹೆಂಗಸು, ಸೊಂಟ ಸ್ವಲ್ಪ ಬಾಗಿದೆ, ಕೈಯಳತೆಗೆ ಸಿಗದ ಮೇಲಿನ ಗೆರೆ ಹಾಗೆಯೇ ಉಳಿದಿತ್ತು. ನನಗೆ ಪರ್ಸೆಂಟಿನ ಮೇಲಿದ್ದಷ್ಟೇ ಸಿಟ್ಟು ಅವರ ಮೇಲೂ ಬಂತು. ಹೆಚ್ಚೇ ಬಂತು.

"ಆ ಪುಸ್ತಕದಲ್ಲಿ ಸುಳ್ಳು ಬರೆದಿದ್ದೀರಾ ಮೇಡಂ?"

"ಬರೆದಿದ್ದೀನಿ."

ಏಳನೇ ವಾರದ ಸೋಮವಾರ ಬಾಗಿಲು ತೆಗೆದರೆ ಇಪ್ಪತ್ತೆರಡು ಮಂದಿ ಗೋಡೆಗೆ ಒರಗಿ ನಿಂತಿದ್ದರಂತೆ, ಬೇಡದ ಮನೆಗೆ ಬಂದ ನೆಂಟರ ಹಾಗೆ. ಒಳಗೆ ಕರೆದರು. ಆ ವಾರ ಹೊಸ ಹಾಜರಿ ಪುಸ್ತಕ ತಂದು ಮೊದಲಿಂದ ಬರೆದರು. ಹಾಜರಿ ಕೂಗುವಾಗ ಹೊಸಬರ ಹೆಸರು ದಿನಾ ಕೊನೆಗೆ ಬಂದರೆ ಅವರಿಗೆ ತಾವು ಯಾರೋ ಎಸೆದ ಸಾಮಾನು ಎಂದು ದಿನಾ ನೆನಪಾಗುತ್ತದೆ, ಅದಕ್ಕೆ ಎಲ್ಲರನ್ನೂ ಬೆರೆಸಿ ಬರೆದೆ ಎಂದರು. ಆರು ವಾರದ ಹಾಜರಿ ತುಂಬಿದ್ದು ಪರೀಕ್ಷೆಗೆ ಕೂರಿಸಲಿಕ್ಕೆ. ಹಳೆಯ ಪುಸ್ತಕವನ್ನು ಹರಿದು ಹಾಕಿದ್ದರು.

ಅದೇ ದಿನ ದೂರು ಕೊಡಬಾರದಿತ್ತೇ ಎಂದು ರೇಗಿದೆ. ದೂರು ಕೊಡುತ್ತ ಓಡಾಡಿದ್ದರೆ ಪಾಠ ಯಾರು ಮಾಡುತ್ತಿದ್ದರು ಎಂದು ಅವರೂ ರೇಗಿದರು. ಮೂವತ್ತು ವರ್ಷದಲ್ಲಿ ಒಂದು ಅಂಕ ಸುಳ್ಳು ಹಾಕದ ಹೆಂಗಸು ಕರುಣೆಗೆ ಸಿಕ್ಕಿ ಸುಳ್ಳು ಹಾಜರಿ ಹಾಕಿ, ತನ್ನ ಕುತ್ತಿಗೆಯನ್ನು ತಾನೇ ಹಗ್ಗಕ್ಕೆ ಕೊಟ್ಟಿದ್ದರು.

"ಸಮಿತಿಗೆ ನಿಜ ಹೇಳಿ. ಹಾಜರಿಗೆ ಏನು ಶಿಕ್ಷೆ ಆಗುತ್ತೋ ಆಗಲಿ, ಕಳ್ಳಿ ಅನ್ನೋ ಹೆಸರು ಹೋಗುತ್ತೆ."

"ಒಂಬತ್ತು ಜನ ಕಣೇ ಅಲ್ಲಿ. ನಾನು ಒಬ್ಬಳು. ಒಂಬತ್ತು ದೊಡ್ಡದೋ ಒಂದು ದೊಡ್ಡದೋ? ಇದರಲ್ಲೂ ಫೇಲಾಗ್ತೀಯಾ?"

"ಮುಂದಿನ ವರ್ಷ ಈ ಕೊಠಡಿಗೆ ಬೀಗ ಬೀಳುತ್ತೆ ಮೇಡಂ. ಮುಂದಿನ ವರ್ಷದ ಇಪ್ಪತ್ತೆರಡು ಜನ ಎಲ್ಲಿಗೆ ಹೋಗ್ತಾರೆ?"

ಒರೆಸಿದ ಹಲಗೆಯನ್ನೇ ಮೇಡಂ ಮತ್ತೆ ಒರೆಸಿದರು. ಅವರ ಹತ್ತಿರ ಉತ್ತರವಿಲ್ಲದ ಪ್ರಶ್ನೆಯನ್ನು ನಾನು ಕೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ಖುಷಿಯೇನೂ ಆಗಲಿಲ್ಲ.

ಸಮಿತಿಯ ಕೋಣೆಯ ಹೊರಗೆ ನರ್ಸ್ ಆಗಲೇ ಬಂದು ಕಾಯುತ್ತಿದ್ದಳು. ಡ್ಯೂಟಿಯಿಂದ ನೇರ ಬಂದಿದ್ದಳು, ಜೇಬಿನಲ್ಲಿ ಥರ್ಮಾಮೀಟರು ಹಾಗೇ ಇತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಾಳಂತೆ. ಅವಳಿಗೆ ಏನೂ ತಿಳಿಸದೆ ಒಳಗೆ ಬಿಟ್ಟುಬಿಟ್ಟಿದ್ದರೆ ಮೇಡಂ ಉಳಿಯುತ್ತಿದ್ದರು. ಒಂದು ಗಳಿಗೆ ನಾನು ಹಾಗೆ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ನಿಜ ಹೇಳಿದರೆ ಪಾಸು ರದ್ದು, ಸೋಮವಾರದ ಸೀಟೂ ಇಲ್ಲ.

ಅವಳು ಗೋಡೆಗೆ ಕೈ ಕೊಟ್ಟು ನಿಂತಳು. ಹಾಗೆಯೇ ನಿಂತು ಕೇಳಿದಳು.

"ನನ್ನೊಬ್ಬಳದೇ ಆದ್ರೆ ಹೇಳಿಬಿಡ್ತಿದ್ದೆ ಅಕ್ಕ. ಉಳಿದ ಎಂಟು ಜನರನ್ನ ಯಾರಾದ್ರೂ ಕೇಳಿದ್ದೀರಾ?"

ಯಾರೂ ಕೇಳಿರಲಿಲ್ಲ. ಮೇಡಂ ಕೇಳಿರಲಿಲ್ಲ, ಪರ್ಸೆಂಟು ಕೇಳಿರಲಿಲ್ಲ, ದೊಡ್ಡ ಪತ್ತೇದಾರಿ ಎನಿಸಿಕೊಂಡ ನಾನೂ ಕೇಳಿರಲಿಲ್ಲ. ಅವಳು ಫೋನು ತೆಗೆದು ಕಿಟಕಿಯ ಬಳಿ ಹೋದಳು. ಒಬ್ಬೊಬ್ಬರೊಡನೆ ಮಾತು ಮುಗಿಸಿದಾಗ ಅಂಗೈಯಲ್ಲಿ ಪೆನ್ನಿನಿಂದ ಒಂದೊಂದು ಗೀಟು. ಏಳು ಗೀಟಾದವು. ಯಾರು ಏನೆಂದರು ಎಂದು ನನಗೆ ಹೇಳಲಿಲ್ಲ. ವೈರಿಂಗ್ ಕೆಲಸ ಮಾಡುವ ಒಬ್ಬ ಮಾತ್ರ ಎಷ್ಟು ಸಲ ಮಾಡಿದರೂ ಎತ್ತುತ್ತಿಲ್ಲ ಎಂದಳು.

ಮೂರು ಗಂಟೆಗೆ ಬಾಗಿಲು ತೆಗೆಯಿತು. ಅವನು ಏಕೆ ಫೋನು ಎತ್ತಲಿಲ್ಲ ಎಂದು ಆಗ ಗೊತ್ತಾಯಿತು. ಒಗೆದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಪರ್ಸೆಂಟಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ.

ಮೊದಲ ಸಾಕ್ಷಿ ಅವನೇ. ಸಮಿತಿಯ ಅಧ್ಯಕ್ಷರು ಯಾವ ದಿನದಿಂದ ಕೊಠಡಿಯ ತರಗತಿಗೆ ಹೋಗುತ್ತಿದ್ದೆ ಎಂದು ಕೇಳಿದರು. ಮೊದಲ ದಿನದಿಂದ ಎಂದ. ಆನ್‌ಲೈನಿನಲ್ಲಿ ಇದ್ದೆಯಾ ಎಂದರು. ಇಲ್ಲ ಎಂದ. ಹೇಳುವಾಗ ಮೇಜಿನ ಅಂಚನ್ನೇ ನೋಡುತ್ತಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಪ್ರಯತ್ನಪಟ್ಟೆ, ಬರಲಿಲ್ಲ. ಬಂದ ಸಿಟ್ಟೆಲ್ಲ ಪಕ್ಕದ ಕುರ್ಚಿಗೇ ಹೋಯಿತು.

ಅಧ್ಯಕ್ಷರು ಮೇಡಂ ಕಡೆ ತಿರುಗಿದರು. ಇದು ಸುಳ್ಳಾದರೆ ಈಗಲೇ ಹೇಳಬಹುದು ಎಂದರು. ನಾನು ಮೇಜಿನ ಕೆಳಗೆ ಎರಡು ಕಟ್ಟುಗಳನ್ನು ಹಿಡಿದುಕೊಂಡಿದ್ದೆ. ಒಂದು ಮಾತು, ಒಂದೇ ಮಾತು ಹೇಳಿ ಮೇಡಂ ಎಂದು ಮನಸ್ಸಿನಲ್ಲೇ ಬೈದೆ.

ಮೇಡಂ ಎದ್ದು ನಿಂತರು. ವೈರಿಂಗಿನವನನ್ನು ನೋಡಿದರು, ತಪ್ಪು ಉತ್ತರ ಬರೆದ ಹುಡುಗನನ್ನು ನೋಡಿದ ಹಾಗಲ್ಲ, ಕಷ್ಟದ ಲೆಕ್ಕದಲ್ಲಿ ಸಿಕ್ಕಿಕೊಂಡವನನ್ನು ನೋಡಿದ ಹಾಗೆ.

"ಅವನು ಹೇಳಿದ್ದು ಸರಿ" ಎಂದರು. "ಹಾಜರಿ ಪುಸ್ತಕದಲ್ಲಿ ಇರೋದು ಸರಿ."

ಪರ್ಸೆಂಟು ಫೈಲು ಮುಚ್ಚಿದ. ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದು, ಬೇರೆ ಯಾರಾದರೂ ಏನಾದರೂ ಹೇಳುವುದಿದೆಯೇ ಎಂದು ವಾಡಿಕೆಗಾಗಿ ಕೇಳಿದರು.

ನನ್ನ ಹಿಂದೆ ಕುರ್ಚಿ ಸರಿದ ಸದ್ದಾಯಿತು. ತಿರುಗಿದೆ. ನರ್ಸ್ ಎದ್ದು ನಿಂತಿದ್ದಳು. ಗೀಟು ಎಳೆದ ಕೈಯನ್ನು ಮುಷ್ಟಿ ಮಾಡಿಕೊಂಡಿದ್ದಳು.

"ಕೂತ್ಕೋ" ಎಂದರು ಮೇಡಂ, ಇಡೀ ತರಗತಿಯನ್ನು ಒಂದೇ ಮಾತಿಗೆ ಕೂರಿಸುವ ದನಿಯಲ್ಲಿ.

ಅವಳು ಕೂರಲಿಲ್ಲ.